ಗೆರೆ ಬಣ್ಣಗಳ ಒಂದು ಸುಗ್ಗಿ

ಮಾವಿನ ಮರ ಎಲ್ಲ ವರ್ಷಗಳಲ್ಲಿಯೂ ಒಂದೇ ಸಮನಾಗಿ ಫಲ ಕೊಡುವುದಿಲ್ಲ. ಒಂದು ವರ್ಷ ಕೊಂಬೆ ಬಾಗುವಂತೆ ಕಾಯಿ ಬಿಟ್ಟು, ಮರುವರ್ಷ ಬರಿಯ ಎಲೆಯನ್ನು ತೋರಿಸಿ ಸುಮ್ಮನಿರುತ್ತದೆ. ಕಾರಣವನ್ನು ಕೇಳಿದರೆ ತೋಟದವನು ಹೂವಾಡುವ ಕಾಲದ ಮಂಜು, ಬಿಸಿಲು, ಹಿಂದಿನ ವರ್ಷದ ದಣಿವು ಎಂದು ನಾಲ್ಕಾರು ಹೇಳಿಯಾನು. ಕಲೆಗಳ ವಿಷಯದಲ್ಲಿಯೂ ಇಂಥ ಹುಲುಸಾದ ವರ್ಷಗಳುಂಟು. ಜನರು ಕಾರ್ಟೂನ್ ಎಂದೂ ಬಲ್ಲವರು ಅನಿಮೇಷನ್ ಎಂದೂ ಕರೆಯುವ ಚಲಿಸುವ ಗೆರೆಚಿತ್ರಗಳ ಚರಿತ್ರೆಯಲ್ಲಿ ೧೯೮೮ನೆಯ ಇಸವಿ ಅಂಥದೊಂದು ವರ್ಷ. ಟೋಕಿಯೊ, ಲಂಡನ್, ಪ್ರಾಗ್, ಕ್ಯಾಲಿಫೋರ್ನಿಯ ಎಂದು ಒಂದಕ್ಕೊಂದು ಬಹುದೂರವಿರುವ ನೆಲೆಗಳಲ್ಲಿ ಎಷ್ಟೋ ಕಾಲದಿಂದ ನಡೆಯುತ್ತಿದ್ದ ದುಡಿಮೆ ಆ ಒಂದೇ ವರ್ಷದಲ್ಲಿ ಕೈಗೆ ಬಂದಿತು.

ಆ ದುಡಿಮೆ ಎಂಥದೆಂಬುದನ್ನು ಮೊದಲು ತಿಳಿಯಬೇಕು. ಚಲನಚಿತ್ರದ ಸುರುಳಿ ಸೆಕೆಂಡಿಗೆ ೨೪ ಚೌಕಟ್ಟುಗಳಂತೆ ಓಡುತ್ತದೆ. ಅಂದಿನ ಪದ್ಧತಿಯಲ್ಲಿ ಚಿತ್ರಕಾರನು ಕಾಗದದ ಮೇಲೆ ಸೀಸದ ಕಡ್ಡಿಯಿಂದ ಬರೆದ ಪಾತ್ರವನ್ನು ‘ಸೆಲ್’ ಎಂಬ ಪಾರದರ್ಶಕ ಹಾಳೆಗೆ ಇಳಿಸಿ, ಹಾಳೆಯ ಹಿಂಬದಿಯಲ್ಲಿ ಬಣ್ಣ ತುಂಬಿ, ಅದನ್ನು ಬೇರೆಯಾಗಿ ಬರೆದಿಟ್ಟ ಹಿನ್ನೆಲೆಯ ಮೇಲೆ ಹಾಸಿ ಛಾಯಾಚಿತ್ರ ತೆಗೆಯಬೇಕಾಗಿತ್ತು. ಬಳಿಕ ಆ ಹಾಳೆಯನ್ನು ಎತ್ತಿ, ಕೂದಲೆಳೆಯಷ್ಟು ಬದಲಾದ ಇನ್ನೊಂದನ್ನು ಹಾಸಬೇಕು. ಹುಡುಗಿಯೊಬ್ಬಳು ಬಾವಿಯಿಂದ ನೀರು ಸೇದಿ ಕೊಡವನ್ನು ಸೊಂಟಕ್ಕೆ ಏರಿಸುವಷ್ಟರಲ್ಲಿ ನೂರಾರು ಹಾಳೆಗಳು ಮುಗಿದಿರುತ್ತವೆ. ತೊಗಲುಗೊಂಬೆಯಾಟದವನು ಒಂದು ಗೊಂಬೆಯನ್ನು ಕೊರೆದು ಬಣ್ಣ ಹಾಕಿದರೆ ಅದು ಮಕ್ಕಳ ಕಾಲಕ್ಕೂ ಉಳಿದೀತು; ಈ ಕಲಾವಿದರಿಗೆ ಗೊಂಬೆ ಕೈಯೆತ್ತಿದರೆ ಒಂದು, ಇಳಿಸಿದರೆ ಇನ್ನೊಂದು. ದೂರದರ್ಶನದ ಸರಣಿಗಳನ್ನು ವಾರವಾರವೂ ಒದಗಿಸಬೇಕಾಗಿದ್ದ ಜಪಾನಿನವರು ಒಂದೇ ಚಿತ್ರವನ್ನು ಮೂರು ಚೌಕಟ್ಟುಗಳ ಕಾಲ ನಿಲ್ಲಿಸಿ, ಸೆಕೆಂಡಿಗೆ ಎಂಟು ಚಿತ್ರಗಳಲ್ಲಿಯೇ ಕೆಲಸ ಸಾಗಿಸುವ ಮಿತವ್ಯಯವನ್ನು ಕಲಿತಿದ್ದರು.

ಆ ಜಪಾನಿನಲ್ಲಿಯೇ ೧೯೮೮ರ ಏಪ್ರಿಲ್ ೧೬ರಂದು ಒಂದೇ ಆಟದಲ್ಲಿ ಎರಡು ಚಿತ್ರಗಳು ತೆರೆ ಕಂಡವು. ಎರಡನ್ನೂ ತಯಾರಿಸಿದುದು ೧೯೮೫ರಲ್ಲಿ ಹುಟ್ಟಿದ ಘಿಬ್ಲಿ ಎಂಬ ಚಿಕ್ಕ ಸ್ಟುಡಿಯೊ. ಒಂದು, ಹಯಾವೊ ಮಿಯಾಜಾಕಿಯವರ ‘ನೆರೆಮನೆಯ ತೊತೊರೊ’. ಇನ್ನೊಂದು, ಅವರ ಹಿರಿಯ ಒಡನಾಡಿ ಇಸಾವೊ ತಕಾಹತಾ ಅವರ ‘ಮಿಣುಕುಹುಳುಗಳ ಗೋರಿ’. ತೊತೊರೊವಿನ ಕಥೆಯನ್ನು ಹಣ ಹೂಡುವವರು ಮೊದಲು ಒಪ್ಪಿರಲಿಲ್ಲ. ಕಾಡಿನ ಯಾವುದೋ ಒಂದು ಪ್ರಾಣಿಯ ಕಥೆಯನ್ನು ದುಡ್ಡು ಕೊಟ್ಟು ನೋಡುವವರಾರು ಎಂಬುದು ಅವರ ಶಂಕೆ. ಆಗ ತೊಶಿಯೊ ಸುಜುಕಿಯವರು ಎರಡು ಚಿತ್ರಗಳನ್ನು ಜೊತೆಮಾಡಿ ಮುಂದಿಟ್ಟರು. ಒಂದು ಭೂತವೇ ಸಾಲದೆಂದು ಗೋರಿಯನ್ನೂ ತಂದಿರೇನು ಎಂಬ ಅರ್ಥದ ಆಕ್ಷೇಪ ಬಂದಿತಂತೆ. ಕೊನೆಗೆ, ಗೋರಿಯ ಮೂಲಕಥೆಯನ್ನು ಅಚ್ಚುಮಾಡಿದ್ದ ಪ್ರಕಾಶನ ಸಂಸ್ಥೆ ಅದರ ವೆಚ್ಚವನ್ನು ಹೊತ್ತಿತು. ತೊತೊರೊವಿನದನ್ನು ಮತ್ತೊಂದು ಪ್ರಕಾಶನ ಸಂಸ್ಥೆ. ಹೀಗೆ ಒಂದರ ಹೆಗಲ ಮೇಲೆ ಒಂದು ಕೈಯಿಟ್ಟುಕೊಂಡು ಎರಡೂ ಚಿತ್ರಗಳು ಹೊಳೆ ದಾಟಿದವು.

ತೊತೊರೊವಿನಲ್ಲಿ ಕಥೆಯೆಂದು ಹೇಳಿಕೊಳ್ಳತಕ್ಕದ್ದು ಅತ್ಯಲ್ಪ. ಸತ್ಸುಕಿ ಮತ್ತು ಮೇ ಎಂಬ ಅಕ್ಕತಂಗಿಯರು ತಂದೆಯೊಡನೆ ಹಳ್ಳಿಯ ಹಳೆಯ ಮನೆಗೆ ಬರುತ್ತಾರೆ. ತಾಯಿ ಆಸ್ಪತ್ರೆಯಲ್ಲಿದ್ದಾಳೆ. ಮನೆಯ ಬಳಿಯ ಕರ್ಪೂರದ ಹೆಮ್ಮರದಲ್ಲಿ ದೊಡ್ಡ ಹೊಟ್ಟೆಯ, ಮಾತಿಲ್ಲದ ಒಂದು ವನಜೀವಿ ಮಕ್ಕಳಿಗೆ ಮಾತ್ರ ಕಾಣಿಸಿಕೊಳ್ಳುತ್ತದೆ. ಮಳೆಯ ರಾತ್ರಿ ಬಸ್ಸು ನಿಲ್ಲುವ ಕಡೆ ನಿದ್ದೆಹೋದ ತಂಗಿಯನ್ನು ಬೆನ್ನಿಗೆ ಹಾಕಿಕೊಂಡು ತಂದೆಯ ದಾರಿ ಕಾಯುವ ಅಕ್ಕ, ಪಕ್ಕದಲ್ಲಿ ಬಂದು ನಿಂತ ಆ ಜೀವಿಗೆ ಕೊಡೆಯನ್ನು ಕೊಡುತ್ತಾಳೆ. ಕೊಡೆಯ ಮೇಲೆ ಹನಿ ಬೀಳುವ ಸದ್ದನ್ನು ಕೇಳಿ ಅದಕ್ಕೆ ಆಗುವ ಹಿಗ್ಗನ್ನು ನೋಡಿದವರು ಮರೆಯಲಾರರು. ಮಿಯಾಜಾಕಿಯವರು ಮೊದಲು ಕಲ್ಪಿಸಿಕೊಂಡಿದ್ದುದು ಒಬ್ಬಳೇ ಹುಡುಗಿಯನ್ನು. ಚಿತ್ರ ಉದ್ದವಾದಾಗ ಅವಳನ್ನು ಇಬ್ಬರನ್ನಾಗಿ ಮಾಡಿದರು. ಸತ್ಸುಕಿ ಎಂದರೆ ಜಪಾನಿನ ಹಳೆಯ ಎಣಿಕೆಯ ಐದನೆಯ ತಿಂಗಳು. ಮೇ ಎಂಬುದು ಇಂಗ್ಲಿಷಿನ ಐದನೆಯ ತಿಂಗಳು. ಒಡೆದ ಬೀಜದ ಎರಡು ಬೇಳೆಗಳಂತೆ ಒಂದೇ ಹೆಸರು ಇಬ್ಬರಿಗೂ ಹಂಚಿಹೋಯಿತು. ತಾಯಿಯ ಕಾಯಿಲೆ ಮಾತ್ರ ಕಲ್ಪನೆಯದಲ್ಲ. ಮಿಯಾಜಾಕಿಯವರ ತಾಯಿ ಬೆನ್ನುಮೂಳೆಯ ಕ್ಷಯದಿಂದ ಅವರ ಬಾಲ್ಯದ ಎಷ್ಟೋ ವರ್ಷಗಳನ್ನು ಹಾಸಿಗೆಯಲ್ಲಿ ಕಳೆದವರು. ಆದುದರಿಂದಲೇ, ತಾಯಿಗೆಂದು ಒಂದು ಜೋಳದ ತೆನೆಯನ್ನು ಅವುಚಿಕೊಂಡು ದಾರಿತಪ್ಪಿ ಹೊರಟ ಮೇಯ ಪುಟ್ಟ ಹೆಜ್ಜೆಗಳಲ್ಲಿ ಅಷ್ಟೊಂದು ಭಾರವಿದೆ.

‘ಮಿಣುಕುಹುಳುಗಳ ಗೋರಿ’ಯನ್ನು ನೋಡುವುದು ಸುಲಭವಲ್ಲ. ೧೯೪೫ರಲ್ಲಿ ಅಮೆರಿಕದ ವಿಮಾನಗಳು ಕೋಬೆ ನಗರದ ಮೇಲೆ ಬೆಂಕಿಯ ಬಾಂಬುಗಳನ್ನು ಸುರಿದಾಗ ತಾಯಿಯನ್ನು ಕಳೆದುಕೊಂಡ ಸೇತಾ, ನಾಲ್ಕು ವರ್ಷದ ತಂಗಿ ಸೆತ್ಸುಕೊವನ್ನು ಕರೆದುಕೊಂಡು ಬಂಧುವಿನ ಮನೆ ಸೇರುತ್ತಾನೆ. ಅಲ್ಲಿಯ ಅನ್ನದ ಲೆಕ್ಕ, ಚುಚ್ಚುಮಾತು ತಾಳಲಾರದೆ ಕೊಳದ ದಂಡೆಯ ಗವಿಯೊಂದರಲ್ಲಿ ಬೇರೆ ಬಿಡಾರ ಹೂಡುತ್ತಾನೆ. ಒಂದು ರಾತ್ರಿಯ ಬೆಳಕಿಗೆಂದು ಹಿಡಿದುತಂದ ಮಿಣುಕುಹುಳುಗಳು ಬೆಳಗಾಗುವುದರೊಳಗೆ ಸತ್ತಿರುತ್ತವೆ. ಸೆತ್ಸುಕೊ ಅವುಗಳಿಗೆ ಗುಂಡಿ ತೋಡುತ್ತಾಳೆ. ಅವಳ ಸರದಿಯೂ ದೂರವಿರುವುದಿಲ್ಲ. ಮೂಲಕಥೆಯನ್ನು ೧೯೬೭ರಲ್ಲಿ ಬರೆದ ಅಕಿಯುಕಿ ನೊಸಾಕ ಅವರು ಯುದ್ಧದ ಆ ವರ್ಷದಲ್ಲಿ ತಮ್ಮ ಪುಟ್ಟ ಸಾಕುತಂಗಿಯನ್ನು ಹಸಿವಿಗೆ ಬಿಟ್ಟುಕೊಟ್ಟವರು. ಅವಳಿಗೆ ಸಲ್ಲಬೇಕಾಗಿದ್ದ ತುತ್ತನ್ನು ತಾನೇ ತಿಂದೆನೆಂಬ ಕೊರಗು ಅವರನ್ನು ಬಿಡಲಿಲ್ಲ. ತಾನು ಇರಬೇಕಾಗಿದ್ದಂಥ ಅಣ್ಣನನ್ನು ಅವರು ಕಥೆಯಲ್ಲಿ ಸೃಷ್ಟಿಸಿದರು. ಸೃಷ್ಟಿಸಿ, ಅವನನ್ನೂ ಬದುಕಗೊಡಲಿಲ್ಲ. ಚಿತ್ರದ ನಿರ್ದೇಶಕರಾದ ತಕಾಹತಾ ಅವರೂ ಒಂಬತ್ತರ ವಯಸ್ಸಿನಲ್ಲಿ ಒಕಯಾಮಾ ನಗರದ ಮೇಲಿನ ಬಾಂಬುದಾಳಿಯಲ್ಲಿ ಬೆಂಕಿಯ ನಡುವೆ ಓಡಿ ಉಳಿದವರು. ಪಾತ್ರಗಳ ಅಂಚನ್ನು ಅವರು ವಾಡಿಕೆಯಂತೆ ಕಪ್ಪಿನಲ್ಲಿ ಬರೆಸದೆ ಕಂದುಬಣ್ಣದಲ್ಲಿ ಬರೆಸಿದರು. ಮಕ್ಕಳ ಮೈಗೆ ಅದರಿಂದ ಒಂದು ಮೃದುತ್ವ ಬಂದಿತು. ಬಿಡುಗಡೆಯ ದಿನ ಬಂದರೂ ಕೆಲಸ ಮುಗಿದಿರಲಿಲ್ಲ. ಕೆಲವು ಭಾಗಗಳನ್ನು ಬಣ್ಣ ತುಂಬದೆ, ಬರಿಯ ಗೆರೆಗಳಲ್ಲಿಯೇ ಜನರಿಗೆ ತೋರಿಸಬೇಕಾಯಿತು. ತಕಾಹತಾ ಅವರಿಗೆ ಆದ ನೋವು ಎಷ್ಟಿರಬೇಕು! ಆದರೂ ನೇಮದ ದಿನಕ್ಕೆಂದು ಅಡ್ಡಾದಿಡ್ಡಿ ಬಣ್ಣ ಬಳಿಯುವುದಕ್ಕಿಂತ ಬರಿಯ ಗೆರೆಯೇ ಲೇಸು.

ಈ ಜೋಡಿಗೆ ಚಿತ್ರಮಂದಿರಗಳಲ್ಲಿ ಸೇರಿದ ಜನ ಹೇಳಿಕೊಳ್ಳುವಷ್ಟಿರಲಿಲ್ಲ. ತೊತೊರೊ ಮನೆಮಾತಾದುದು ಮರುವರ್ಷ ದೂರದರ್ಶನದಲ್ಲಿ ಬಂದ ಮೇಲೆ, ಅದರ ಬಟ್ಟೆಯ ಗೊಂಬೆಗಳು ಅಂಗಡಿ ಸೇರಿದ ಮೇಲೆ. ಹಣ ಹೂಡುವವರು ಅನುಮಾನಿಸಿದ್ದ ಆ ದೊಡ್ಡ ಹೊಟ್ಟೆಯ ಪ್ರಾಣಿಯೇ ಮುಂದೆ ಘಿಬ್ಲಿಯ ಲಾಂಛನವಾಯಿತು.

ಮೂರು ತಿಂಗಳ ಬಳಿಕ, ಜುಲೈ ೧೬ರಂದು, ಕತ್ಸುಹಿರೊ ಒತೊಮೊ ಅವರ ‘ಅಕಿರಾ’ ಬಂದಿತು. ಚಿತ್ರ ತೊಡಗುವುದು ಟೋಕಿಯೊ ನಗರ ಒಂದು ಬೆಳಕಿನ ಸ್ಫೋಟದಲ್ಲಿ ಅಳಿದುಹೋಗುವುದರಿಂದ. ಕಥೆಯಲ್ಲಿ ಆ ದಿನವೂ ೧೯೮೮ರ ಜುಲೈ ೧೬. ನೋಡಲು ಬಂದವರು ತಮ್ಮದೇ ಊರಿನ ನಾಶವನ್ನು ಅದೇ ತಾರೀಖಿನಂದು ನೋಡಿದರು. ಮುಂದಿನ ಕಥೆ ನಡೆಯುವುದು ೨೦೧೯ರ ಹೊಸ ಟೋಕಿಯೊದಲ್ಲಿ. ಅಲ್ಲಿ ೨೦೨೦ರ ಒಲಿಂಪಿಕ್ಸಿಗೆ ಕ್ರೀಡಾಂಗಣ ಸಿದ್ಧವಾಗುತ್ತಿರುತ್ತದೆ. ೨೦೨೦ರ ಕ್ರೀಡಾಕೂಟ ನಿಜವಾಗಿಯೂ ಟೋಕಿಯೊಗೆ ದೊರೆತು, ಮಹಾಮಾರಿಯಿಂದ ಒಂದು ವರ್ಷ ಮುಂದೆ ಹೋದಾಗ ಹಳಬರು ಈ ಚಿತ್ರವನ್ನು ನೆನೆದರು. ಅಕಿರಾದಲ್ಲಿ ಮಿತವ್ಯಯಕ್ಕೆ ಸ್ಥಳವೇ ಇಲ್ಲ. ಸುಮಾರು ೧,೬೦,೦೦೦ ಸೆಲ್‌ಗಳು. ೩೨೭ ಬಣ್ಣಗಳು, ಅವುಗಳಲ್ಲಿ ೫೦ ಈ ಚಿತ್ರಕ್ಕಾಗಿಯೇ ಬೆರೆಸಿದವು. ಕಥೆ ಹೆಚ್ಚಾಗಿ ಇರುಳಿನಲ್ಲಿ ನಡೆಯುವುದರಿಂದ ಕತ್ತಲೆಯಲ್ಲಿಯೇ ಬಗೆಬಗೆಯ ಬಣ್ಣಗಳನ್ನು ಕಾಣಿಸಬೇಕಾಗಿತ್ತು. ಚಿತ್ರ ಬರೆದ ಮೇಲೆ ಮಾತು ಸೇರಿಸುವ ಜಪಾನಿನ ವಾಡಿಕೆಯನ್ನು ತಿರುಗಿಸಿ, ಮಾತನ್ನು ಮೊದಲು ಮುದ್ರಿಸಿಕೊಂಡು ತುಟಿಗಳನ್ನು ಅದಕ್ಕೆ ಹೊಂದಿಸಿದರು. ಒತೊಮೊ ಅವರು ಪತ್ರಿಕೆಯಲ್ಲಿ ಬರೆಯುತ್ತಿದ್ದ ಚಿತ್ರಕಥೆ ಆಗಿನ್ನೂ ಮುಗಿದಿರಲಿಲ್ಲ. ಅಷ್ಟು ದೊಡ್ಡ ಕಥೆಯನ್ನು ಎರಡು ಗಂಟೆಗಳಿಗೆ ಅಡಕುವಾಗ ಎಳೆಗಳು ಗಂಟುಬಿದ್ದಿವೆ. ಕೊನೆಯ ಭಾಗ ಒಂದೇ ನೋಟಕ್ಕೆ ಅರ್ಥವಾಯಿತೆಂದು ಹೇಳುವವರನ್ನು ನಂಬುವುದು ಕಷ್ಟ. ಆದರೆ ಗೆರೆಚಿತ್ರವೆಂದರೆ ಮಕ್ಕಳ ಆಟಿಕೆ ಎಂದು ತಿಳಿದಿದ್ದ ಪಶ್ಚಿಮದ ಪ್ರೇಕ್ಷಕರು ಕೆಲವೇ ವರ್ಷಗಳಲ್ಲಿ ಆ ತಿಳಿವಳಿಕೆಯನ್ನು ತಿದ್ದಿಕೊಂಡರೆ, ಅದಕ್ಕೆ ಅಕಿರಾ ದೊಡ್ಡ ಕಾರಣ.

ಅದೇ ಬೇಸಗೆಯಲ್ಲಿ, ಜೂನ್ ೨೨ರಂದು, ಅಮೆರಿಕದಲ್ಲಿ ಬಿಡುಗಡೆಯಾದುದು ‘ಹೂ ಫ್ರೇಮ್ಡ್ ರೋಜರ್ ರ್‍ಯಾಬಿಟ್’. ನಿರ್ದೇಶಕರು ರಾಬರ್ಟ್ ಜೆಮೆಕಿಸ್. ಗೆರೆಚಿತ್ರದ ಹೊಣೆ ರಿಚರ್ಡ್ ವಿಲಿಯಮ್ಸ್ ಅವರದು. ನಿಜದ ಮನುಷ್ಯರ ನಡುವೆ ಗೆರೆಯ ಮೊಲವೊಂದು ಓಡಾಡುವುದು ಹೊಸತೇನಲ್ಲ. ಆದರೆ ಹಿಂದಿನ ಚಿತ್ರಗಳಲ್ಲಿ ಕ್ಯಾಮರಾ ಅಲುಗದೆ ನಿಲ್ಲಬೇಕು, ಮನುಷ್ಯನೂ ಗೊಂಬೆಯೂ ಆದಷ್ಟು ಮುಟ್ಟದಿರಬೇಕು ಎಂಬ ಮಡಿಯಿತ್ತು. ವಿಲಿಯಮ್ಸ್ ಅವರು ಅದನ್ನು ಮುರಿದರು. ಮೊದಲು ನಟರನ್ನು ಚಿತ್ರೀಕರಿಸಿ, ಪ್ರತಿ ಚೌಕಟ್ಟನ್ನೂ ಹಿರಿದಾಗಿ ಮುದ್ರಿಸಿಕೊಂಡು, ಅದರ ಮೇಲೆ ಮೊಲವನ್ನು ಬರೆದು, ನೆರಳಿಗೊಂದು ಪದರ, ಬೆಳಕಿಗೊಂದು ಪದರ ಸೇರಿಸಿದರು. ಒಂದು ದೃಶ್ಯದಲ್ಲಿ ತಲೆ ತಗುಲಿ ತೂಗುದೀಪ ಓಲಾಡುತ್ತದೆ. ಆ ಓಲಾಟಕ್ಕೆ ಸರಿಯಾಗಿ ಮೊಲದ ಮೇಲಿನ ನೆರಳನ್ನು ಚೌಕಟ್ಟು ಚೌಕಟ್ಟಿಗೂ ಕೈಯಿಂದಲೇ ಬದಲಿಸಬೇಕಾಯಿತು. ಹಾಗೆ ಮಾಡದಿದ್ದರೂ ಹೆಚ್ಚಿನವರು ಗಮನಿಸುತ್ತಿರಲಿಲ್ಲ. ನಟ ಬಾಬ್ ಹಾಸ್ಕಿನ್ಸ್ ಅವರ ಪಾಡೂ ಕಡಮೆಯದಲ್ಲ. ಎದುರಿಗೆ ಏನೂ ಇಲ್ಲದ ಗಾಳಿಯೊಡನೆ ಜಗಳವಾಡುವುದನ್ನು ಅವರು ತಮ್ಮ ಪುಟ್ಟ ಮಗಳು ಕಾಣದ ಗೆಳೆಯರೊಡನೆ ಆಡುವುದನ್ನು ನೋಡಿ ಕಲಿತರಂತೆ. ವಿಲಿಯಮ್ಸ್ ಅವರಿಗೆ ಮರುವರ್ಷ ವಿಶೇಷ ಆಸ್ಕರ್ ದೊರೆಯಿತು. ಆ ಕೀರ್ತಿಯ ಬಲದಿಂದ, ೧೯೬೪ರಿಂದ ಬಿಡುವಾದಾಗಲೆಲ್ಲ ಸ್ವಂತ ಗಳಿಕೆಯಿಂದ ಮಾಡುತ್ತ ಬಂದಿದ್ದ ‘ದಿ ಥೀಫ್ ಅಂಡ್ ದಿ ಕಾಬ್ಲರ್’ ಎಂಬ ಮಹಾಚಿತ್ರಕ್ಕೆ ಕೊನೆಗೂ ಹಣ ದೊರೆಯಿತು. ಹಣದೊಡನೆ ಗಡುವೂ ಬಂದಿತು. ಗಡುವಿಗೆ ಮುಗಿಯದ ಚಿತ್ರವನ್ನು ೧೯೯೨ರಲ್ಲಿ ಅವರ ಕೈಯಿಂದ ಕಿತ್ತು ಬೇರೆಯವರಿಗೆ ಒಪ್ಪಿಸಿದರು. ಒಂದು ದೀಪದ ನೆರಳಿಗೆ ಅಷ್ಟು ದುಡಿಯಬಲ್ಲವರಿಗೆ ಗಡುವಿನ ಕಾಗದಕ್ಕೆ ಸಹಿ ಹಾಕಿಸಬಾರದಾಗಿತ್ತು.

ಪ್ರಾಗಿನ ಯಾನ್ ಶ್ವಾಂಕ್‌ಮಾಯರ್ ಅವರು ಅದೇ ವರ್ಷ ‘ಆಲಿಸ್’ ಚಿತ್ರದಲ್ಲಿ ಹೊಟ್ಟೆಯಿಂದ ಹೊಟ್ಟು ಸೋರುವ ಸತ್ತ ಮೊಲವೊಂದನ್ನು ನಡೆದಾಡಿಸಿದರು. ನವೆಂಬರ್ ೧೮ರಂದು ಡಿಸ್ನಿ ಸಂಸ್ಥೆಯ ಚಿತ್ರವೂ, ಆ ಸಂಸ್ಥೆಯನ್ನು ೧೯೭೯ರಲ್ಲಿ ತೊರೆದುಹೋಗಿದ್ದ ಡಾನ್ ಬ್ಲೂತ್ ಅವರ ಚಿತ್ರವೂ ಒಂದೇ ದಿನ ಎದುರುಬದುರು ನಿಂತವು. ಆ ಪೈಪೋಟಿಯಿಂದ ಪತ್ರಿಕೆಗಳಿಗೆ ಆದ ಲಾಭ ಕಲೆಗೆ ಆಗಲಿಲ್ಲ.

ಎಲ್ಲಕ್ಕಿಂತ ಚಿಕ್ಕದು ‘ಟಿನ್ ಟಾಯ್’. ಅದರ ಅವಧಿ ಐದೇ ನಿಮಿಷ. ಪಿಕ್ಸಾರ್ ಆಗ ಕಂಪ್ಯೂಟರುಗಳನ್ನು ಮಾರಿ ನಷ್ಟ ಅನುಭವಿಸುತ್ತಿದ್ದ ಸಂಸ್ಥೆ; ಚಿತ್ರ ತಯಾರಿಕೆ ಅದರ ಒಂದು ಮೂಲೆಯ ಕೆಲಸ. ಜಾನ್ ಲ್ಯಾಸೆಟರ್ ಅವರ ಈ ಚಿತ್ರದಲ್ಲಿ ತಗಡಿನ ವಾದ್ಯಗಾರ ಗೊಂಬೆಯೊಂದು ಎಲ್ಲವನ್ನೂ ಬಾಯಿಗೆ ಹಾಕುವ ಕೂಸಿಗೆ ಹೆದರಿ ಸೋಫಾದಡಿ ನುಸುಳುತ್ತದೆ. ಅಲ್ಲಿ ನೋಡಿದರೆ ಮನೆಯ ಆಟಿಕೆಗಳೆಲ್ಲ ಆಗಲೇ ನಡುಗುತ್ತ ಅಡಗಿವೆ! ಕೂಸು ಬಿದ್ದು ಅಳತೊಡಗಿದಾಗ, ಗೊಂಬೆ ಭಯವನ್ನು ನುಂಗಿಕೊಂಡು ಸಮಾಧಾನಪಡಿಸಲು ಹೊರಗೆ ಬರುತ್ತದೆ. ತಗಡನ್ನು ಕಂಪ್ಯೂಟರು ಚೆನ್ನಾಗಿ ಬರೆಯಿತು. ಕೂಸಿನ ಮುಖ ಮಾತ್ರ ನೋಡಿದವರನ್ನು ಬೆಚ್ಚಿಬೀಳಿಸುವಂತಾಯಿತು. ಮಗುವಿನ ಕೆನ್ನೆಯ ಮೆತುವನ್ನು ಗಣಿತದಿಂದ ತರುವುದು ಅಷ್ಟು ಕಷ್ಟ. ಆದರೂ ೧೯೮೯ರ ಮಾರ್ಚಿಯಲ್ಲಿ ಅದಕ್ಕೆ ಆಸ್ಕರ್ ಬಂದಿತು. ಕಂಪ್ಯೂಟರಿನಿಂದ ರಚಿತವಾದ ಚಿತ್ರಕ್ಕೆ ಆ ಪ್ರಶಸ್ತಿ ಬಂದುದು ಅದೇ ಮೊದಲು. ೧೯೯೫ರ ‘ಟಾಯ್ ಸ್ಟೋರಿ’ ಹುಟ್ಟಿದುದು ಆ ಸೋಫಾದಡಿಯಿಂದಲೇ. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಸೆಲ್ ಹಾಳೆಗಳು ಬಹುಮಟ್ಟಿಗೆ ಮರೆಯಾದವು. ಅವುಗಳಿಗೆ ಬಣ್ಣ ತುಂಬುತ್ತಿದ್ದ ಕೈಗಳ ಕಥೆಯನ್ನು ಯಾರೂ ಹೆಚ್ಚು ಹೇಳಿಲ್ಲ.

ಅಕ್ಟೋಬರ್ ೩ರಂದು ಜಪಾನಿನ ದೂರದರ್ಶನದಲ್ಲಿ ‘ಅನ್‌ಪಾನ್‌ಮಾನ್’ ಎಂಬ ಸರಣಿ ಆರಂಭವಾಯಿತು. ಅದರಿಂದ ಯಾರಿಗೂ ದೊಡ್ಡ ನಿರೀಕ್ಷೆಯಿರಲಿಲ್ಲ. ಅದರ ಕರ್ತೃ ತಕಾಶಿ ಯಾನಾಸೆ ಅವರಿಗೆ ಆಗ ಸುಮಾರು ೭೦ ವರ್ಷ. ಸೈನಿಕರಾಗಿ ಚೀನಾಕ್ಕೆ ಹೋಗಿ ಅಲ್ಲಿ ಹಸಿವನ್ನು ಕಂಡವರು; ತಮ್ಮನನ್ನು ಯುದ್ಧಕ್ಕೆ ಬಲಿಕೊಟ್ಟವರು. ಒಂದು ಕಾಲಕ್ಕೆ ನ್ಯಾಯವೆಂದುದು ಯುದ್ಧ ಮುಗಿದೊಡನೆ ಅನ್ಯಾಯವಾಗುವುದನ್ನು ನೋಡಿದ ಅವರಿಗೆ, ಹಸಿದವನಿಗೆ ಊಟ ಕೊಡುವುದೊಂದೇ ತಲೆಕೆಳಗಾಗದ ನ್ಯಾಯವಾಗಿ ಕಂಡಿತು. ಅವರ ವೀರನ ತಲೆ ಸಿಹಿಹೂರಣ ತುಂಬಿದ ಬನ್ನು. ಹಸಿದವರನ್ನು ಕಂಡರೆ ತನ್ನ ಮುಖವನ್ನೇ ಮುರಿದು ತಿನ್ನಲು ಕೊಡುತ್ತಾನೆ, ಕೊಟ್ಟಷ್ಟೂ ಬಲಗುಂದುತ್ತಾನೆ, ರೊಟ್ಟಿ ಸುಡುವ ಮುದುಕ ಹೊಸ ಮುಖ ಮಾಡಿಕೊಟ್ಟ ಮೇಲೆ ಮತ್ತೆ ಹಾರಿಹೋಗುತ್ತಾನೆ. ದೊಡ್ಡವರಿಗೆ ಇದು ವಿಚಿತ್ರವೆನಿಸಿತು. ಎರಡು ಮೂರು ವರ್ಷದ ಕೂಸುಗಳಿಗೆ ಏನೂ ಎನಿಸಲಿಲ್ಲ, ಅವು ಕುಳಿತು ನೋಡಿದವು. ೨೦೧೩ರಲ್ಲಿ ೯೪ರ ವಯಸ್ಸಿನಲ್ಲಿ ಯಾನಾಸೆ ಅವರು ತೀರಿಕೊಂಡ ಮೇಲೂ ಸರಣಿ ಮುಂದುವರಿಯಿತು. ಅದಕ್ಕೆ ಎರಡು ವರ್ಷ ಮೊದಲು, ೨೦೧೧ರ ಮಾರ್ಚಿಯಲ್ಲಿ, ಭೂಕಂಪವೂ ಸಮುದ್ರದ ಅಲೆಯೂ ಜಪಾನಿನ ಈಶಾನ್ಯ ಕರಾವಳಿಯನ್ನು ತೊಳೆದುಹಾಕಿದಾಗ ಆ ಸರಣಿಯ ಹಾಡನ್ನು ಹಾಕಿರೆಂದು ರೇಡಿಯೊ ಕೇಂದ್ರಗಳಿಗೆ ಕೋರಿಕೆಗಳು ಬರತೊಡಗಿದವು. ಹಾಡು ಕೇಳಿಬಂದಾಗ, ಮನೆ ಕಳೆದುಕೊಂಡು ದಿನಗಟ್ಟಲೆ ಮಾತಿಲ್ಲದೆ ಕುಳಿತಿದ್ದ ಮಕ್ಕಳೂ ದನಿಗೂಡಿಸಿದರಂತೆ.