ದೊಣ್ಣೆಗೆಂದೇ ಮಾಡಿದ ಮಡಕೆ

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ನಾನು 28 ವರ್ಷಗಳಿಂದ ಎಂಟನೆಯ ತರಗತಿಯ ಮಕ್ಕಳಿಂದ ವಿಸ್ತರಿಸಿ ಬರೆಸುತ್ತಾ ಬಂದಿದ್ದೇನೆ. ಅವರು ಬರೆಯುವುದೂ ಹೆಚ್ಚುಕಡಿಮೆ ಒಂದೇ: ಕಟ್ಟುವುದು ಕಷ್ಟ, ಕೆಡಹುವುದು ಸುಲಭ, ಆದ್ದರಿಂದ ನಾವು ಕಟ್ಟುವವರಾಗಬೇಕು. ನಾನೂ ಐದಕ್ಕೆ ನಾಲ್ಕು ಅಂಕ ಕೊಟ್ಟು ಮುಂದಿನ ಪುಸ್ತಕ ಎತ್ತಿಕೊಳ್ಳುತ್ತೇನೆ. ದೊಣ್ಣೆಗೆಂದೇ ಮಡಕೆ ಮಾಡುವ ಕುಂಬಾರನೂ ಇರಬಹುದಲ್ಲ ಎಂದು ಯಾವ ಮಗುವೂ ಬರೆದದ್ದಿಲ್ಲ. ಉಡುಪಿಯ ರಥಬೀದಿಯಲ್ಲಿ ವಿಟ್ಲಪಿಂಡಿಯ ದಿನ ತೂಗುಹಾಕುವ ಮೊಸರುಕುಡಿಕೆಗಳು ಒಡೆಯುವುದಕ್ಕೆಂದೇ ಬಂದವು, ನಿಜ. ಆದರೆ ಅವನ್ನು ಮಾಡಿದವನು ‘ಇದು ಲಕ್ಷಣವಾಗಿ ಒಡೆಯಬೇಕಲ್ಲ’ ಎಂದು ರಾತ್ರಿ ನಿದ್ದೆಗೆಟ್ಟಿರಲಾರ. ಹಾಗೆ ನಿದ್ದೆಗೆಡುವ ಒಬ್ಬ ಕುಂಬಾರನನ್ನು ನಾನು ಕಂಡದ್ದು 2023ರ ಬೇಸಿಗೆ ರಜೆಯಲ್ಲಿ, ಅಮೆರಿಕದ ಮಿಶಿಗನ್ ರಾಜ್ಯದಲ್ಲಿ. ಅವನಿಗೆ ಆಗ 14 ವರ್ಷ. ನನ್ನ ತಮ್ಮನ ಮಗ. ಮಾಡುತ್ತಿದ್ದುದು ಮಡಕೆಯಲ್ಲ, ಕಾರು.

ತಮ್ಮನ ಗ್ಯಾರೇಜಿನಲ್ಲಿ ಎರಡು ಕಾರು ನಿಲ್ಲುವಷ್ಟು ಜಾಗ. ನಿಲ್ಲುತ್ತಿದ್ದುದು ಒಂದೇ. ಇನ್ನೊಂದು ಪಕ್ಕದಲ್ಲಿ ಮೇಜು, ಕತ್ತರಿ, ಇಕ್ಕಳ, ತಗಡಿನ ಚೂರು, ಒಂದು ಮೊಳ ಉದ್ದದ ಅರ್ಧಂಬರ್ಧ ಕಾರುಗಳು. “ಇವನ್ನೆಲ್ಲ ಏನು ಮಾಡ್ತೀಯಪ್ಪಾ?” ಎಂದು ಕೇಳಿದೆ. “ಅಪ್ಪಚ್ಚಿ ಮಾಡ್ತೀನಿ ಅತ್ತೆ” ಎಂದ. ಅವನ ಕನ್ನಡದಲ್ಲಿ ಏನೋ ಎಡವಟ್ಟಾಗಿದೆ ಎಂದುಕೊಂಡೆ. ಎಡವಟ್ಟೇನೂ ಆಗಿರಲಿಲ್ಲ.

ದೈತ್ಯ ಚಕ್ರದ ಲಾರಿಗಳ ಹುಚ್ಚು ಆ ದೇಶದಲ್ಲಿ ಹಳೆಯದು. ಮಿಸೌರಿ ರಾಜ್ಯದ ಬಾಬ್ ಚ್ಯಾಂಡ್ಲರ್ ಎಂಬಾತ ತನ್ನ 1974ರ ಫೋರ್ಡ್ ಪಿಕಪ್ ಗಾಡಿಗೆ ಒಂದಕ್ಕಿಂತ ಒಂದು ದೊಡ್ಡ ಚಕ್ರ ಹಾಕುತ್ತಾ ಹೋಗಿ ಅದಕ್ಕೆ ‘ಬಿಗ್‌ಫೂಟ್’ ಎಂದು ಹೆಸರಿಟ್ಟ. 1981ರಲ್ಲಿ ಒಂದು ಹೊಲದಲ್ಲಿ ಗುಜರಿ ಕಾರುಗಳನ್ನು ನಿಲ್ಲಿಸಿ ಅವುಗಳ ಮೇಲೆ ಗಾಡಿ ಹತ್ತಿಸಿದ. ಅದರ ಚಿತ್ರೀಕರಣ ನೋಡಿದವರು ದುಡ್ಡು ಕೊಟ್ಟು ನೋಡಲು ಸಿದ್ಧರಾದರು. ಮರುವರ್ಷದಿಂದ ದೊಡ್ಡ ದೊಡ್ಡ ಕ್ರೀಡಾಂಗಣಗಳಲ್ಲಿ ಅದೇ ಆಟ. ಮಾನ್‌ಸ್ಟರ್ ಟ್ರಕ್ ಎಂದು ಕರೆಯುವ ಈ ಗಾಡಿಗಳ ಚಕ್ರ 66 ಅಂಗುಲ ಎತ್ತರ. ನಾನು 61 ಅಂಗುಲ. ತೂಕ ಸುಮಾರು 5 ಟನ್. ಕೆಳಗೆ ಸಿಕ್ಕುವ ಹಳೆಯ ಕಾರುಗಳ ಗಾಜು, ಎಣ್ಣೆಗಳನ್ನು ಮೊದಲೇ ತೆಗೆದು ಸಾಲಾಗಿ ನಿಲ್ಲಿಸಿರುತ್ತಾರೆ. ನಮ್ಮ ಬೀದಿಯಲ್ಲಿ ಕಾರಿಗೆ ಒಂದು ಗೀರು ಬಿದ್ದರೆ ಮೂರು ದಿನ ಊಟ ಸೇರದವರಿದ್ದಾರೆ. ಅಲ್ಲಿ ಮಕ್ಕಳು ಮರಿ ಕರೆದುಕೊಂಡು ಹೋಗಿ ಕಾರು ಚಪ್ಪಟೆಯಾಗುವುದನ್ನು ನೋಡಿ ಕೇಕೆ ಹಾಕಿ ಬರುತ್ತಾರೆ. ಲೋಕೋ ಭಿನ್ನ ರುಚಿಃ.

ದೊಡ್ಡವರ ಆಟ ಬಂದ ಮೇಲೆ ಅದರ ಮರಿ ಬರಲೇಬೇಕಲ್ಲ. ಜಪಾನಿನ ತಮಿಯಾ ಕಂಪನಿಯವರು 1987ರಲ್ಲಿ ‘ಕ್ಲಾಡ್ ಬಸ್ಟರ್’ ಎಂಬ ಪುಟ್ಟ ಲಾರಿಯನ್ನು ಮಾರುಕಟ್ಟೆಗೆ ತಂದರು. ನಿಜವಾದ ಗಾಡಿಯ ಹತ್ತನೆಯ ಒಂದು ಭಾಗದ ಅಳತೆ, ಎರಡು ಮೋಟಾರು, ನಾಲ್ಕು ಚಕ್ರಕ್ಕೂ ಶಕ್ತಿ, ನಾಲ್ಕು ಚಕ್ರವೂ ತಿರುಗುತ್ತದೆ. ನಡೆಸುವವನು ದೂರದಲ್ಲಿ ನಿಂತು ಕೈಯಲ್ಲಿರುವ ರೇಡಿಯೋ ಯಂತ್ರದಿಂದಲೇ ಓಡಿಸುತ್ತಾನೆ. ಇಂಥ ಲಾರಿಗಳನ್ನು ಇಟ್ಟುಕೊಂಡು ಜನ ಸಂಘ ಮಾಡಿಕೊಂಡಿದ್ದಾರೆ, ವಾರಾಂತ್ಯದಲ್ಲಿ ಮಣ್ಣು ಗುಡ್ಡೆ ಹಾಕಿ ಪ್ರದರ್ಶನ ನಡೆಸುತ್ತಾರೆ. ಲಾರಿ ಅಂಗಡಿಯಲ್ಲಿ ಸಿಗುತ್ತದೆ. ಜಜ್ಜಿಸಿಕೊಳ್ಳುವ ಕಾರು ಮಾತ್ರ ಸಿಗುವುದಿಲ್ಲ.

“ಯಾಕೆ, ಆಟದ ಕಾರಿಗೇನು ಬರಗಾಲವೇ?” ಎಂದೆ.

“ಅವು ಚಪ್ಪಟೆ ಆಗಲ್ಲ ಅತ್ತೆ” ಎಂದು ಹುಡುಗ ಒಂದು ಪ್ಲಾಸ್ಟಿಕ್ ಕಾರನ್ನಿಟ್ಟು ಲಾರಿ ಹತ್ತಿಸಿ ತೋರಿಸಿದ. ಲಾರಿ ಹತ್ತಿತು, ಇಳಿಯಿತು. ಕಾರು ಏನೂ ಆಗದಂತೆ ಕೂತಿತ್ತು. ರಟ್ಟಿನಲ್ಲಿ ಮಾಡಿ ನೋಡಿದ್ದನಂತೆ. ರಟ್ಟು ಅರ್ಧ ಬಗ್ಗಿ ಮತ್ತೆ ಮೇಲೇಳುತ್ತದೆ, ಸದ್ದೂ ಬರುವುದಿಲ್ಲ. ತಗಡಾದರೆ ಬಿದ್ದ ಏಟನ್ನು ನೆನಪಿಟ್ಟುಕೊಳ್ಳುತ್ತದೆ. ಆದ್ದರಿಂದ ತಗಡೇ ಆಗಬೇಕು.

ಆದರೆ ಎಂಥ ತಗಡು? ಕಾರನ್ನು ಹತ್ತು ಪಟ್ಟು ಚಿಕ್ಕದು ಮಾಡಿದರೆ ಎಲ್ಲವೂ ಹತ್ತು ಪಟ್ಟು ಚಿಕ್ಕದಾಗುತ್ತದೆ ಎಂದು ನಾನು ತಿಳಿದಿದ್ದೆ. ಬಿ.ಎ. ಓದಿದವಳ ಲೆಕ್ಕ. ತಮ್ಮ ಕಾಗದದ ಮೇಲೆ ಬಿಡಿಸಿ ಹೇಳಿದ. ಉದ್ದ, ಅಗಲ, ಎತ್ತರ ಮೂರೂ ಹತ್ತರಲ್ಲೊಂದಾದರೆ ಲಾರಿಯ ತೂಕ 1000ದಲ್ಲಿ ಒಂದು ಪಾಲಾಗುತ್ತದೆ. 5 ಟನ್ ಇದ್ದದ್ದು 5 ಕಿಲೋ. ಕಾರಿನ ಕಂಬಗಳ ಬಲವಾದರೋ ಅವುಗಳ ಅಡ್ಡಕೊಯ್ತದ ಮೇಲೆ ನಿಂತದ್ದು. ಅದು ಕುಗ್ಗುವುದು 100ರಲ್ಲಿ ಒಂದು ಪಾಲಿಗೆ ಮಾತ್ರ. ಅಂದರೆ ಅಳತೆಗೆ ಸರಿಯಾಗಿ ಮಾಡಿದ ಪುಟ್ಟ ಕಾರು ಪುಟ್ಟ ಲಾರಿಯ ಮುಂದೆ ಹತ್ತು ಪಟ್ಟು ಗಟ್ಟಿ. ಗೆಲಿಲಿಯೋ 1638ರಷ್ಟು ಹಿಂದೆಯೇ ಪುಸ್ತಕದಲ್ಲಿ ಬರೆದಿಟ್ಟ ಸಂಗತಿಯಂತೆ ಇದು. ಇರುವೆ ತನಗಿಂತ ಹಲವು ಪಟ್ಟು ಭಾರ ಹೊರುವ ಗುಟ್ಟೂ ಇದೇ. ಹಾಗಾಗಿ ಈ ಹುಡುಗನ ಕಸುಬೆಲ್ಲ ಇರುವುದು ಎಲ್ಲೆಲ್ಲಿ ಎಷ್ಟೆಷ್ಟು ಬಲ ಕಳೆಯಬೇಕೆಂಬುದರಲ್ಲಿ. ಲಾರಿ ಬರುವ ಮೊದಲೇ ಕುಸಿಯಬಾರದು. ಬಂದ ಮೇಲೆ ಕುಸಿಯದೆ ಇರಬಾರದು.

ಅವನು ಕಂಡುಕೊಂಡ ತಗಡು ತಂಪು ಪಾನೀಯದ ಡಬ್ಬಿಯದು. ಅದರ ಗೋಡೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ತೆಳು, ಅಡಿಗೆಮನೆಯ ಕತ್ತರಿಗೇ ಬಗ್ಗುತ್ತದೆ. ಮನೆಯಲ್ಲಿ ಇದಕ್ಕೊಂದು ವಿರೋಧ ಪಕ್ಷವಿತ್ತು. ಮಿಶಿಗನ್ನಿನಲ್ಲಿ ಪ್ರತಿ ಡಬ್ಬಿಗೂ ಹತ್ತು ಸೆಂಟು ಠೇವಣಿ. ಖಾಲಿ ಡಬ್ಬಿ ಅಂಗಡಿಗೆ ಹಾಕಿದರೆ ವಾಪಸು ಬರುತ್ತದೆ, ಕತ್ತರಿಸಿದ ಡಬ್ಬಿಗೆ ಬರುವುದಿಲ್ಲ. “ಒಂದು ಕಾರಿಗೆ 20 ಡಬ್ಬಿ ಅಕ್ಕಾ, ಎರಡು ಡಾಲರು ಅಪ್ಪಚ್ಚಿ” ಎಂದು ತಮ್ಮನ ಹೆಂಡತಿ ಖಾಲಿ ಡಬ್ಬಿಗಳ ಚೀಲವನ್ನು ಬಟ್ಟೆ ಒಗೆಯುವ ಯಂತ್ರದ ಹಿಂದೆ ಬಚ್ಚಿಡುತ್ತಿದ್ದಳು.

ಕಾರಿನ ಚಿತ್ರ ನೋಡಿ ಅಳತೆ ತೆಗೆದು, ಮೊದಲು ಕಾಗದದಲ್ಲಿ ಕತ್ತರಿಸಿ, ಅದನ್ನು ತಗಡಿನ ಮೇಲಿಟ್ಟು ಗೀಚಿಕೊಳ್ಳುವುದು ಕ್ರಮ. ಇಷ್ಟು ನೋಡಿದ ಮೇಲೆ ನನಗೆ ಧೈರ್ಯ ಬಂತು. ರವಿಕೆ ಕತ್ತರಿಸುವುದೂ ಹೀಗೆಯೇ ತಾನೆ? ಬಾಗು ಬಂದಲ್ಲಿ ಒಳಮಡಿಕೆಗೆ ಕಚ್ಚು ಕೊಡಬೇಕು, ಉಬ್ಬು ಬರಬೇಕಾದಲ್ಲಿ ಟಕ್ಸ್ ಹಿಡಿಯಬೇಕು. ಹೇಳಿಕೊಟ್ಟೆ. ಬಾಗಿಲಿನ ಗೆರೆಗಳನ್ನು ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿದೆ. ತಗಡಿನ ಅಂಚು ಬ್ಲೇಡಿನಂತೆ. ಎರಡು ದಿನಕ್ಕೆ ನನ್ನ ಮೂರು ಬೆರಳಿಗೆ ಪಟ್ಟಿ ಬಂತು.

ಆ ಮನೆಯ ಹಜಾರದಲ್ಲಿ ನಮ್ಮ ಅಣ್ಣನ ಒಂದು ಫೋಟೋ ಇದೆ. ದುಂಡು ಮೂತಿಯ ಒಂದು ಹಳೆಯ ಕಾರಿನ ಬಾನೆಟ್ಟಿಗೆ ಒರಗಿ ನಿಂತು ನಗುತ್ತಿದ್ದಾನೆ. ಒಂದು ದಿನ ಹುಡುಗ ಅದನ್ನು ಗೋಡೆಯಿಂದ ಇಳಿಸಿಕೊಂಡು ಬಂದ. “ಇಂಥ ಕಾರು ಇಲ್ಲಿ ಯಾರೂ ನೋಡಿಲ್ಲ ಅತ್ತೆ. ಈ ಸಲದ ಪ್ರದರ್ಶನಕ್ಕೆ ದೊಡ್ಡಪ್ಪನ ಕಾರು ಮಾಡೋಣ.” ತಮ್ಮ ಅಲ್ಲೇ ಇದ್ದ. “ಬೇರೆ ಯಾವುದಾದರೂ ಮಾಡು” ಎಂದಷ್ಟೇ ಹೇಳಿ ಒಳಗೆ ಹೋದ.

ದೊಡ್ಡಪ್ಪ ಅಪಘಾತದಲ್ಲಿ ಹೋದ ಎಂಬುದು ಹುಡುಗನಿಗೆ ಗೊತ್ತಿತ್ತು. ಇದೇ ಕಾರು ಎಂಬುದು ಗೊತ್ತಿರಲಿಲ್ಲ. ನಾನು ಹೇಳಿದೆ. 1994ರ ಮಾರ್ಚಿ, ನಾನಾಗ ಬಿ.ಇಡಿ. ಓದುತ್ತಿದ್ದೆ. ತಿಪಟೂರಿನ ಕಡೆಯಿಂದ ರಾತ್ರಿ ಬರುವಾಗ ಕಾರು ರಸ್ತೆ ಪಕ್ಕದ ಹುಣಸೆಮರಕ್ಕೆ ಹೊಡೆಯಿತು.

“ಕಾರಿಗೆ ಏನಾಯ್ತು ಅತ್ತೆ?” ಎಂದು ಅವನು ಕೇಳಿದ. ಕುಶಲಕರ್ಮಿಯ ಪ್ರಶ್ನೆ, ನನಗೆ ಬೇಸರವಾಗಲಿಲ್ಲ.

“ಏನೂ ಆಗಲಿಲ್ಲ ಕಣೋ” ಎಂದೆ.

ನಿಜವಾಗಿಯೂ ಆಗಿರಲಿಲ್ಲ. ಒಂದು ದೀಪ ಒಡೆದಿತ್ತು, ಬಂಪರು ಸ್ವಲ್ಪ ಒಳಗೆ ಹೋಗಿತ್ತು. ನೋಡಲು ಬಂದವರೆಲ್ಲ ಕಾರಿನ ಮೈ ತಟ್ಟಿ, ಎಂಥಾ ಗಟ್ಟಿ ಗಾಡಿ ಎಂದರು. ಅಣ್ಣನ ಎದೆಗೆ ಸ್ಟೀರಿಂಗ್ ಹೊಡೆದಿತ್ತು. ಅಪ್ಪ ಕಾರನ್ನು ತಿಂಗಳೊಳಗೆ ಮಾರಿದರು. ಕೊಂಡವರು ದೀಪ ಹಾಕಿಸಿ ಬಾಡಿಗೆಗೆ ಬಿಟ್ಟರು. ಎಷ್ಟೋ ವರ್ಷ ಅದು ಸಂತೆಯ ದಿನ ಬಸ್‌ಸ್ಟ್ಯಾಂಡಿನ ಮುಂದೆ ನಿಂತಿರುತ್ತಿತ್ತು. ನಾನು ದಾರಿ ಬದಲಿಸಿ ಶಾಲೆಗೆ ಹೋಗುತ್ತಿದ್ದೆ.

ರಾತ್ರಿ ಊಟವಾದ ಮೇಲೆ ತಮ್ಮ ತಾನಾಗಿಯೇ ಗ್ಯಾರೇಜಿಗೆ ಬಂದು ಸ್ಟೂಲಿನ ಮೇಲೆ ಕೂತ. ಮಗನಿಗೆ ಹೇಳತೊಡಗಿದ; ನಾನೂ ಕೇಳುತ್ತಿದ್ದೆ. ಜರ್ಮನಿಯ ಬೇಂಜ್ ಕಂಪನಿಯಲ್ಲಿ ಬೇಲಾ ಬಾರೆನಿ ಎಂಬ ಇಂಜಿನಿಯರು ಇದ್ದ. ಕಾರು ಪೂರ್ತಿ ಗಟ್ಟಿಯಾಗಿದ್ದಷ್ಟೂ ಒಳಗಿನವರಿಗೆ ಕ್ಷೇಮ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಅವನು ತಿರುಗುಮುರುಗಾಗಿ ಯೋಚಿಸಿದ. ಜನ ಕೂರುವ ನಡುಭಾಗ ಗಟ್ಟಿ ಇರಲಿ, ಮೂತಿ ಮತ್ತು ಬಾಲ ಮಾತ್ರ ಬೇಕೆಂದೇ ಮಡಚಿಕೊಳ್ಳಲಿ ಎಂದ. 1951ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. 1959ರಲ್ಲಿ ಆ ಬಗೆಯ ಬೆಂಜ್ ಕಾರು ರಸ್ತೆಗೆ ಬಂತು. ಗಟ್ಟಿ ಕಾರು ಮರಕ್ಕೆ ಹೊಡೆದು ತಟ್ಟನೆ ನಿಂತುಬಿಡುತ್ತದೆ, ಒಳಗಿರುವವನು ನಿಲ್ಲುವುದಿಲ್ಲ. ಮೂತಿ ಮಡಚುತ್ತಾ ಹೋದರೆ ನಿಲ್ಲುವುದಕ್ಕೆ ಇನ್ನಷ್ಟು ಹೊತ್ತು ಸಿಗುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತು, ಆದರೆ ಅಷ್ಟರಲ್ಲೇ ಜೀವ ಉಳಿಯುತ್ತದೆ. ಪಟ್ಟಿ ಕಟ್ಟಿಕೊಂಡಿರಬೇಕು, ಅದೂ ಸೇರಬೇಕು. ಕ್ರಿಕೆಟ್ಟಿನಲ್ಲಿ ಚೆಂಡು ಹಿಡಿಯುವಾಗ ಕೈ ಹಿಂದಕ್ಕೆ ಎಳೆದುಕೊಳ್ಳುವಂತೆ, ಎಂದು ನಾನು ನಮ್ಮ ಡ್ರಿಲ್ ಮೇಷ್ಟರ ಮಾತನ್ನು ಸೇರಿಸಿದೆ. “ಹೂಂ ಅಕ್ಕಾ, ಅಷ್ಟೇ” ಎಂದ ತಮ್ಮ. ಅಣ್ಣ ಹೋದ ಮೇಲೆ ನಾವಿಬ್ಬರೂ ಆ ಕಾರಿನ ಮಾತು ಆಡಿದ್ದು ಅದೇ ಮೊದಲು.

ದೊಡ್ಡಪ್ಪನ ಕಾರು ಮಾಡುವುದಕ್ಕೆ ಆಮೇಲೆ ಯಾರೂ ಬೇಡವೆನ್ನಲಿಲ್ಲ. ದುಂಡು ಮೂತಿಗೆ ಡಬ್ಬಿಯ ತಗಡು ಹೊಂದಲಿಲ್ಲ. ಅಮೆರಿಕದ ಮನೆಗಳ ಮಾಡಿನ ಸಂದಿಗೆ ಹೊದಿಸುವ ಅಲ್ಯೂಮಿನಿಯಂ ಸುರುಳಿ ಸಿಗುತ್ತದೆ. ತಮ್ಮ ಅದನ್ನು ತಂದ. ಅದನ್ನು ಮೆತ್ತಗೆ ಮಾಡುವ ಉಪಾಯ ಬಲು ಸೊಗಸು. ತಗಡಿನ ಮೇಲೆ ಸೋಪಿನಿಂದ ಗೆರೆ ಎಳೆದು ಹಿಂದಿನಿಂದ ಬೆಂಕಿ ಹಿಡಿಯಬೇಕು. ಸೋಪಿನ ಗೆರೆ ಕಪ್ಪಾದ ಕೂಡಲೇ ನಿಲ್ಲಿಸಬೇಕು. ಇನ್ನೂ ಕಾಯಿಸಿದರೆ ಅಲ್ಯೂಮಿನಿಯಂ ಮುನ್ಸೂಚನೆಯಿಲ್ಲದೆ ಕರಗಿ ಬೀಳುತ್ತದೆ. ಆರಿದ ಮೇಲೆ ತಗಡು ಹಪ್ಪಳದ ಹಿಟ್ಟಿನಂತೆ ಹೇಳಿದ ಮಾತು ಕೇಳುತ್ತದೆ. ನಮ್ಮ ಕಂಚುಗಾರರು ತಾಮ್ರವನ್ನು ಕಾಯಿಸಿ ಕಾಯಿಸಿ ಬಡಿಯುವುದೂ ಇದಕ್ಕೇ. ಮರಳಿನ ಚೀಲದ ಮೇಲಿಟ್ಟು ಮರದ ಸೌಟಿನಿಂದ ತಟ್ಟಿ ಹುಡುಗ ಆ ದುಂಡು ಮೂತಿ ಎಬ್ಬಿಸಿದ. ಒಳಗಡೆ ಮೂರು ಕಡೆ ಅಡ್ಡಗೀರು ಹಾಕಿ, ಎಲ್ಲಿ ಮಡಚಬೇಕೋ ಅಲ್ಲೇ ಮಡಚುವಂತೆ ಮಾಡಿದ. ಆಮೇಲೆ ಅವನ ಕಸುಬಿಗೇ ವಿರುದ್ಧವಾದ ಒಂದು ಕೆಲಸ ಮಾಡಿದ: ನಡುಭಾಗದ ಕಂಬಗಳಿಗೆ ತಗಡನ್ನು ಎರಡು ಪದರ ಹಾಕಿ ಮೂಲೆ ಮೂಲೆಗೆ ರಿವೆಟ್ ಹೊಡೆದ. “ಹೀಗೆ ಮಾಡಿದರೆ ಚಪ್ಪಟೆ ಆಗುತ್ತೇನೋ?” ಎಂದೆ. ಅವನು ಉತ್ತರ ಕೊಡಲಿಲ್ಲ.

ಪ್ರದರ್ಶನ ಒಂದು ಶಾಲೆಯ ಒಳಾಂಗಣದಲ್ಲಿತ್ತು. ನೂರು ನೂರೈವತ್ತು ಜನ, ಅರ್ಧಕ್ಕರ್ಧ ನನ್ನ ವಯಸ್ಸಿನವರು. ಬೇರೆಯವರ ಕಾರುಗಳು ಒಂದಾದ ಮೇಲೊಂದು ಕರಕರನೆ ಕುಸಿದವು, ಚಪ್ಪಾಳೆ ಬಿತ್ತು. ನಮ್ಮದು ಕೊನೆಯದು. ಬೂದು ಬಣ್ಣದ ಆ ಕಾರು ಅಲ್ಲಿನವರಿಗೆ ತಮಾಷೆಯಾಗಿ ಕಂಡಿತು. ಲಾರಿ ಮೂತಿಯ ಕಡೆಯಿಂದ ಹತ್ತಿತು. ಬಾನೆಟ್ಟು ಒಂದು, ಎರಡು, ಮೂರು ಮಡಿಕೆಯಾಗಿ ಒಳಗೆ ಹೋಯಿತು. ಲಾರಿ ಮಾಡಿನ ಮೇಲೆ ಏರಿ ಒಂದು ಕ್ಷಣ ತೂಗಾಡಿ ಆಚೆ ಇಳಿಯಿತು. ಮಾಡು ಬೀಳಲಿಲ್ಲ. ತಿರುಗಿ ಬಂದು ಇನ್ನೊಮ್ಮೆ ಹತ್ತಿತು. ಬೀಳಲಿಲ್ಲ. ಜಜ್ಜಿಸಿಕೊಳ್ಳಲು ಬಂದ ಕಾರು ಜಜ್ಜಿಸಿಕೊಳ್ಳದಿದ್ದರೆ ಆ ಆಟದಲ್ಲಿ ಅದು ಸೋಲು. ಆದರೂ ಜನ ಎದ್ದು ನಿಂತು ಕೂಗಿದರು.

ತಮ್ಮ ಹೋಗಿ ಕಾರನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಕಿಟಕಿಯ ಸಂದಿಯಿಂದ ಒಳಗೆ ನೋಡಿದ. ಹೆಬ್ಬೆರಳು ತೂರಿಸಿ ನೋಡಿದ. “ಜಾಗ ಇದೆ ಅಕ್ಕಾ” ಎಂದ. ಮತ್ತೇನೂ ಹೇಳಲಿಲ್ಲ; ಹೇಳುವುದಕ್ಕೆ ಉಳಿದದ್ದೂ ಇರಲಿಲ್ಲ.

ಮಕ್ಕಳಿಗೆ ನಾವು ಗಟ್ಟಿಯಾಗಿರಿ, ಬಗ್ಗಬೇಡಿ ಎಂದು ಹೇಳುತ್ತಲೇ ಇರುತ್ತೇವೆ. ಪ್ರಾರ್ಥನೆಯ ಹೊತ್ತಿನಲ್ಲಿ ಹೇಳುತ್ತೇವೆ, ಬೀಳ್ಕೊಡುಗೆ ಸಭೆಯಲ್ಲಿ ಹೇಳುತ್ತೇವೆ. ಒಳ್ಳೆಯ ಮಾತೇ. ಆದರೆ ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ ಎಂಬುದನ್ನು ಆ 14ರ ಹುಡುಗ ತಗಡಿನಲ್ಲಿ ಬರೆದು ತೋರಿಸಿದಷ್ಟು ಚೆನ್ನಾಗಿ ನಾನು ಯಾವ ಉತ್ತರಪತ್ರಿಕೆಯಲ್ಲೂ ಓದಿಲ್ಲ.

ಮರುದಿನ ಬೆಳಿಗ್ಗೆ ಕಾಫಿಗೆಂದು ಕೆಳಗಿಳಿದು ಬಂದೆ. ಗ್ಯಾರೇಜಿನ ಮೇಜಿನ ಮೇಲೆ ಖಾಲಿ ಡಬ್ಬಿಗಳನ್ನು ತೊಳೆದು ಒಪ್ಪವಾಗಿ ಸಾಲಿಟ್ಟಿತ್ತು. ಎಣಿಸಿದೆ, 24. ಎರಡು ಡಾಲರು ನಲವತ್ತು ಸೆಂಟಿನ ಮಾಲು. ತಮ್ಮನ ಹೆಂಡತಿ ಒಲೆಯ ಕಡೆ ಮುಖ ಮಾಡಿಕೊಂಡು, “ಅಂಗಡಿಗೆ ಯಾರು ಹೊತ್ಕೊಂಡು ಹೋಗ್ತಾರೆ ಅಕ್ಕಾ” ಎಂದಳು.