ಮೌಂಟನ್ ವ್ಯೂನಿಂದ ಸೋದರಮಾವನಿಗೆ

 

ಒಂದೂಮುಕ್ಕಾಲು ಲಕ್ಷಕ್ಕೂ ಮೀರಿದ ಜನ ದುಡಿಯುವ ಸಂಸ್ಥೆಯಲ್ಲಿ ನಾನೊಬ್ಬನು ಮಾಡುವ ಕೆಲಸವಾದರೂ ಏನೆಂದು ತಾವು ಕೇಳಿದ್ದಿರಿ. ಬೆಂಗಳೂರಿನ ಶಾಖೆಯಲ್ಲಿದ್ದಾಗ ಕೊಡಲಾಗದ ಉತ್ತರವನ್ನು ಗೂಗಲ್‌ನ ಈ ಪ್ರಧಾನ ಕಚೇರಿಯಿಂದ ಬರೆಯಲು ಯತ್ನಿಸುತ್ತೇನೆ.

ಹಿಂದೊಮ್ಮೆ ಏಪ್ರಿಕಾಟ್ ತೋಪುಗಳಿಗೆ ಪ್ರಸಿದ್ಧವಾಗಿದ್ದ ಸಾಂತಾ ಕ್ಲಾರಾ ಕಣಿವೆಯಲ್ಲಿ ಈಗ ಕಾಣುವುದೆಲ್ಲ ತಗ್ಗಾದ ಗಾಜಿನ ಕಟ್ಟಡಗಳು. 1998ರಲ್ಲಿ ಲ್ಯಾರಿ ಪೇಜ್, ಸರ್ಗೇ ಬ್ರಿನ್ ಎಂಬ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು ಮೆನ್ಲೋ ಪಾರ್ಕಿನ ಮನೆಯೊಂದರ ಕಾರ್ ಶೆಡ್ಡಿನಲ್ಲಿ ನೆಲೆಗೊಳಿಸಿದ ಉದ್ಯಮವು, ಸಿಲಿಕಾನ್ ಗ್ರಾಫಿಕ್ಸ್ ಎಂಬ ಪೂರ್ವವೈಭವದ ಸಂಸ್ಥೆಯೊಂದು ಕಟ್ಟಿಸಿದ್ದ ಪ್ರಾಂಗಣದಲ್ಲಿಯೇ ಇಂದು ವಿರಾಜಿಸುತ್ತಿರುವುದು ನೋಡುವವರ ಗರ್ವವನ್ನು ಸ್ವಲ್ಪ ಇಳಿಸುವಂಥದು. ಬಣ್ಣಬಣ್ಣದ ಸೈಕಲ್ಲುಗಳು ಬೀಗವಿಲ್ಲದೆ ನಿಂತಿವೆ; ಊಟಕ್ಕೆ ಹಣ ತೆರಬೇಕಾಗಿಲ್ಲವೆಂಬುದನ್ನು ಅತ್ತೆಯವರಿಗೆ ತಿಳಿಸಿರಿ.

ಇನ್ನು ಕೆಲಸ. ಸಂಸ್ಥೆಯ ಬಹುಪಾಲು ಕೋಡ್ ಒಂದೇ ಭಂಡಾರದಲ್ಲಿದೆ; 2015ರ ಗಣನೆಯಲ್ಲಿಯೇ ಅದು ಸುಮಾರು 200 ಕೋಟಿ ಸಾಲುಗಳಷ್ಟಿತ್ತು. ಅದರಲ್ಲಿ ಹತ್ತು ಸಾಲನ್ನು ತಿದ್ದಬೇಕಾದರೂ ಸಹೋದ್ಯೋಗಿಯೊಬ್ಬನು ಅದನ್ನೋದಿ ಒಪ್ಪಬೇಕು, ಆ ಭಾಗದ ಹೊಣೆ ಹೊತ್ತವರ ಅನುಮತಿಯಿರಬೇಕು, ಯಂತ್ರವು ನಡೆಸುವ ಪರೀಕ್ಷೆಗಳಲ್ಲಿ ಅದು ತೇರ್ಗಡೆಯಾಗಬೇಕು. ತಾಲ್ಲೂಕು ಕಚೇರಿಯಲ್ಲಿ ತಾವು ಷರಾ ಬರೆದು ಮುಂದೂಡುತ್ತಿದ್ದ ಕಡತವೇ ಇದೆಂದು ತಮಗೆ ತೋರಬಹುದು. ಆದರೆ ಅಲ್ಲಿನ ಕಡತ ಮೇಲಕ್ಕೇರುತ್ತಿತ್ತು, ಇಲ್ಲಿಯದು ಸಮಾನರ ನಡುವೆ ಅಡ್ಡಡ್ಡಲಾಗಿ ಸಂಚರಿಸುತ್ತದೆ, ನಿನ್ನೆ ಸೇರಿದ ತರುಣಿಯೂ ಹಿರಿಯನ ಸಾಲಿಗೆ ಆಕ್ಷೇಪವೆತ್ತಬಲ್ಲಳು. ಆದಕಾರಣ ದಿನದ ಬಹುಭಾಗ ನಾನು ಮಾಡುವುದು ಪರರ ಬರಹವನ್ನೋದುವುದು, ನನ್ನದನ್ನು ಸಮರ್ಥಿಸುವುದು, ಕಾಯುವುದು. ಇದು ಮಂದಗತಿಯೆಂದು ಹಲವರು ಗೊಣಗುವರು. ಕೋಟ್ಯಂತರ ಜನ ನೆಚ್ಚಿರುವ ಯಂತ್ರವ್ಯೂಹದ ಮೇಲೆ ಒಬ್ಬನ ಆತುರಕ್ಕೆ ಅಧಿಕಾರವಿರಬಾರದೆಂಬುದೇ ನನ್ನ ಪಕ್ಷ.

ಸೇವೆಯೇನಾದರೂ ಕೆಟ್ಟು ನಿಂತರೆ ಬರೆಯುವ ಪೋಸ್ಟ್‌ಮಾರ್ಟಮ್ ವರದಿಯಲ್ಲಿ ದೋಷಿಯ ನಿಂದೆಗೆ ಅವಕಾಶವಿಲ್ಲ. ತಪ್ಪು ನುಸುಳಲು ವ್ಯವಸ್ಥೆ ಎಲ್ಲಿ ದಾರಿಗೊಟ್ಟಿತೆಂಬುದಷ್ಟೇ ವಿಚಾರ. ಎಂಥ ಉದಾರ ಪದ್ಧತಿ! ಆದರೆ 2023ರ ಜನವರಿಯಲ್ಲಿ ಸುಮಾರು 12,000 ಹುದ್ದೆಗಳನ್ನು ತೆಗೆಯುವುದಾಗಿ ಸಂಸ್ಥೆಯ ಮುಖ್ಯಾಧಿಕಾರಿ ಸುಂದರ್ ಪಿಚೈ ಪ್ರಕಟಿಸಿದಾಗ ಇಲ್ಲಿಯ ಅನೇಕರು ಆ ವಾರ್ತೆಯನ್ನರಿತದ್ದು ಇ-ಮೇಲಿನಿಂದ. ಹೆಸರೆತ್ತದೆ ತಪ್ಪನ್ನು ಕ್ಷಮಿಸಬಲ್ಲ ಸಂಸ್ಥೆಯು ತಪ್ಪೇ ಇಲ್ಲದೆಯೂ ಬೀಳ್ಕೊಡಬಲ್ಲದು. ತಮ್ಮ ಸರ್ಕಾರೀ ಚಾಕರಿಯಲ್ಲಿದ್ದ ನಿಶ್ಚಿಂತೆಯನ್ನು ಇಲ್ಲಿ ಹುಡುಕಲಾಗದು.

ಚಿರಂಜೀವಿ ಮೊಮ್ಮಗನು ಈ ವೃತ್ತಿಗೆ ಬರಲಿಚ್ಛಿಸುವನೆಂದು ಬರೆದಿದ್ದೀರಿ. ಗಣಿತ ಹೇಗೂ ಬೇಕು. ಅದರೊಡನೆ ತನ್ನ ಅಭಿಪ್ರಾಯವನ್ನು ಎರಡು ಪುಟಗಳಲ್ಲಿ ನೇರವಾಗಿ ನಿರೂಪಿಸುವುದನ್ನೂ ಕಲಿಯಲಿ, ಏಕೆಂದರೆ ಇಲ್ಲಿ ದೊಡ್ಡ ಕೆಲಸಕ್ಕೆ ಮೊದಲು ಡಿಸೈನ್ ಡಾಕ್ಯುಮೆಂಟ್ ಬರೆದು ಹತ್ತಾರು ಜನರ ಪ್ರಶ್ನೆಗಳಿಗೆ ಉತ್ತರಿಸಬೇಕಾಗುತ್ತದೆ. ಬೇಸಗೆಯ ರಜೆಯಲ್ಲಿ ನಾನು ಬಂದಾಗ ಅವನನ್ನು ಬೆಂಗಳೂರಿಗೆ ಕಳುಹಿಸಿಕೊಡಿರಿ. ಉಳಿದುದನ್ನು ಎದುರಿಗೇ ಹೇಳುವೆನು.

ಇಂತು ತಮ್ಮ ವಿಧೇಯ ಸೋದರಳಿಯ