ಕತ್ತಲನ್ನು ಕತ್ತಲಾಗಿಯೇ ಬಿಟ್ಟು

ಸುಗ್ಗಿ ಮುಗಿದು ಕಣ ಖಾಲಿಯಾಯಿತೆಂದರೆ ಹೊಳೆನರಸೀಪುರದ ಸುತ್ತಿನ ಊರುಗಳಲ್ಲಿ ರಾತ್ರಿಗೊಂದು ಕಳೆ ಬರುತ್ತದೆ. ಹಳ್ಳಿಮೈಸೂರಿನ ಕಡೆ ಹೋಗಿ, ಹಳೇಕೋಟೆಯ ಕಡೆ ಹೋಗಿ, ಯಾವುದಾದರೂ ಊರಿನ ದೇವಸ್ಥಾನದ ಮುಂದೆ ಸ್ಟೇಜು ಎದ್ದಿರುತ್ತದೆ. ಮರಗಳಿಗೆ ಸೀರಿಯಲ್ ಸೆಟ್ ಸುತ್ತಿರುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದು ಕೂತಿರುತ್ತಾರೆ. ರಾತ್ರಿ ಊಟದ ಮೇಲೆ ಶುರುವಾದ ಕುರುಕ್ಷೇತ್ರ ನಾಟಕದಲ್ಲಿ ದುರ್ಯೋಧನನ ತೊಡೆ ಮುರಿಯುವ ಹೊತ್ತಿಗೆ ಮೂಡಲು ಬೆಳ್ಳಗಾಗಿರುತ್ತದೆ. ಮುಷ್ಟಿಯಲ್ಲಿ ಅಡಗುವ ಒಂದು ಆ್ಯಕ್ಷನ್ ಕ್ಯಾಮೆರಾವನ್ನು ಜೇಬಿಗಿಳಿಸಿಕೊಂಡು ಇಂಥ ಕಡೆ ಹೋಗುವುದೆಂದರೆ ನನಗೆ ಎಲ್ಲಿಲ್ಲದ ಖುಷಿ.

ಈ ಕ್ಯಾಮೆರಾ ಹುಟ್ಟಿದ್ದು ಬಿಸಿಲಿಗಾಗಿ. ಕಡಲ ಅಲೆಯ ಮೇಲೆ ಜಾರುವ ತನ್ನ ಆಟವನ್ನು ತಾನೇ ಚಿತ್ರ ತೆಗೆಯಬೇಕೆಂಬ ಆಸೆಯಿಂದ ನಿಕ್ ವುಡ್‌ಮನ್ ಎಂಬಾತ 2002ರಲ್ಲಿ ಗೋಪ್ರೋ ಕಂಪನಿ ಕಟ್ಟಿದ. 2004ರಲ್ಲಿ ಬಂದ ಮೊದಲ ಕ್ಯಾಮೆರಾಕ್ಕೆ ರೀಲು ಹಾಕಬೇಕಿತ್ತು. ಇವತ್ತಿಗೂ ಇಂಥ ಅನೇಕ ಕ್ಯಾಮೆರಾಗಳ ಒಳಗಿರುವ ಸೆನ್ಸರಿನ ಅಗಲ 6 ಮಿಲಿಮೀಟರ್ ಆಸುಪಾಸು. ಸ್ಟುಡಿಯೋದವರ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಅದು 36 ಮಿಲಿಮೀಟರ್. ಇಷ್ಟು ಚಿಕ್ಕ ಕಣ್ಣಿಗೆ ರಾತ್ರಿಯಲ್ಲಿ ದಕ್ಕುವ ಬೆಳಕು ಅಷ್ಟರಲ್ಲೇ ಇದೆ. ಆಟೋ ಮೋಡಿನಲ್ಲಿ ಬಿಟ್ಟರೆ ಅದು ಕತ್ತಲನ್ನೂ ಬೆಳಗಲು ಹೆಣಗುತ್ತದೆ, ಚಿತ್ರದ ತುಂಬ ಮರಳು ಎರಚಿದ ಹಾಗಾಗುತ್ತದೆ. ಅದಕ್ಕೇ ನಾನು ಬೆಳಕನ್ನು ಹಿಗ್ಗಿಸುವ ಐಎಸ್ಒದ ಮಿತಿಯನ್ನು 800ಕ್ಕೆ ಕಟ್ಟಿಹಾಕುತ್ತೇನೆ. ಸ್ಟೇಜಿನಾಚೆಯ ಹೊಲ, ಹೊಲದಾಚೆಯ ತೆಂಗಿನ ತೋಟ ಕಪ್ಪಗಿದ್ದರೆ ಕಪ್ಪಗೇ ಇರಲಿ.

ಹಾಗೆ ಬಿಟ್ಟಾಗಲೇ ಬೆಳಕು ಬಿದ್ದ ಜಾಗಕ್ಕೆ ಬೆಲೆ ಬರುತ್ತದೆ. ಮೊದಲು ನಾನು ಹೋಗುವುದು ಬಣ್ಣ ಹಚ್ಚುವ ಕಡೆಗೆ. ಶಾಲೆಯ ಜಗಲಿಯಲ್ಲೋ ಯಾರದೋ ಮನೆಯ ಪಡಸಾಲೆಯಲ್ಲೋ ಒಂದೇ ಬಲ್ಬು. ಅದರ ಕೆಳಗೆ ಕನ್ನಡಿ. ಮಧ್ಯಾಹ್ನದವರೆಗೆ ತೋಟಕ್ಕೆ ನೀರು ಕಟ್ಟುತ್ತಿದ್ದವರು ಕಣ್ಣು ಮುಚ್ಚಿ ಮುಖ ಒಡ್ಡಿರುತ್ತಾರೆ. ಕೆನ್ನೆಯ ಮೇಲೆ ಬಣ್ಣ ಹರಡುತ್ತದೆ, ಹುಬ್ಬು ಕಪ್ಪಾಗಿ ಏರುತ್ತದೆ, ಮೀಸೆ ಅಂಟುತ್ತದೆ. ಕೊನೆಗೆ ಕಿರೀಟ ಇಡುತ್ತಲೇ ಕತ್ತು ತಾನಾಗಿ ನೆಟ್ಟಗಾಗುತ್ತದೆ. ದೊಡ್ಡ ಕ್ಯಾಮೆರಾ ಹಿಡಿದು ನಿಂತರೆ ಎಲ್ಲರೂ ಅತ್ತ ತಿರುಗುತ್ತಾರೆ. ಈ ಚಿಕ್ಕದನ್ನು ಕನ್ನಡಿಯ ಪಕ್ಕ ಒಂದು ಮೊಳ ದೂರದಲ್ಲಿಟ್ಟರೂ ಯಾರ ಲಕ್ಷ್ಯವೂ ಹೋಗುವುದಿಲ್ಲ. ಕಣ್ಣಿನ ರೆಪ್ಪೆ ಅದುರುವುದೂ ಸಿಗುತ್ತದೆ.

ನಾಟಕ ಶುರುವಾಗುವ ಮೊದಲು ಕ್ಯಾಮೆರಾವನ್ನು ಸ್ಟೇಜಿನ ಪಕ್ಕದ ಕಂಬಕ್ಕೆ ಕ್ಲಾಂಪಿನಿಂದ ಬಿಗಿಯುತ್ತೇನೆ. ರಾತ್ರಿ ಓಡಾಡುತ್ತ ತೆಗೆದರೆ ಕ್ಯಾಮೆರಾದ ಸ್ಟೆಬಿಲೈಸೇಷನ್ ಚೌಕಟ್ಟನ್ನು ನಿಲ್ಲಿಸಬಹುದೇ ಹೊರತು, ಕೈ ಅಲುಗಿ ಕದಡಿದ ಬೆಳಕನ್ನು ತಿಳಿಗೊಳಿಸಲಾರದು. ಸೆಕೆಂಡಿಗೆ 25 ಫ್ರೇಮು, ಶಟರ್ 1/50. ಇದಕ್ಕೊಂದು ಕಾರಣವುಂಟು. ನಮ್ಮ ಕರೆಂಟು 50 ಹರ್ಟ್ಸಿನದು. ಅದರಲ್ಲಿ ಉರಿಯುವ ದೀಪ ಸೆಕೆಂಡಿಗೆ 100 ಸಲ ಮಿಡಿಯುತ್ತದೆ. 1/50ರಲ್ಲಿ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿಡಿತ ಸಿಗುವುದರಿಂದ ಚಿತ್ರದಲ್ಲಿ ಕಪ್ಪು ಪಟ್ಟಿಗಳು ಹರಿದಾಡುವುದಿಲ್ಲ. ಕಿರೀಟದ ಮಣಿಗಳು ಬೆಳಕಿಗೆ ಸುಟ್ಟು ಬಿಳಿಚಿಕೊಳ್ಳದಿರಲೆಂದು ಎಕ್ಸ್‌ಪೋಷರನ್ನು ಒಂದು ಮೆಟ್ಟಿಲು ಇಳಿಸುತ್ತೇನೆ. ವೈಟ್ ಬ್ಯಾಲೆನ್ಸನ್ನೂ ಬೀಗ ಹಾಕಿದಂತೆ ಒಂದೇ ಕಡೆ ನಿಲ್ಲಿಸುತ್ತೇನೆ. ಇಲ್ಲವಾದರೆ ಕೃಷ್ಣ ಬಂದಾಗ ಹಾಕುವ ನೀಲಿ ಬೆಳಕನ್ನು ಕ್ಯಾಮೆರಾ ತಪ್ಪೆಂದು ತಿಳಿದು ತೊಳೆದುಹಾಕುತ್ತದೆ. ಬ್ಯಾಟರಿ ಬೆಳಗಿನವರೆಗೆ ಬಾಳುವಂಥದ್ದಲ್ಲ, ಪವರ್ ಬ್ಯಾಂಕ್ ಕಂಬದ ಬುಡದಲ್ಲಿರುತ್ತದೆ.

ಆಮೇಲೆ ನನಗೆ ಕೆಲಸವಿಲ್ಲ. ಚಾಪೆಯ ಮೇಲೆ ಕೂತು ನಾಟಕ ನೋಡುವುದೊಂದೇ ಬಾಕಿ. ಭೀಮ ಗದೆ ಬೀಸಿದಾಗ ಅದರ ತುದಿ ಚಿತ್ರದಲ್ಲಿ ಕೊಂಚ ಕದಡುತ್ತದೆ. ಆ ಕದಡಿಕೆಯಲ್ಲೇ ಗದೆಯ ರಭಸ ಕಾಣುತ್ತದೆ. ಕಂದಪದ್ಯ ಹಾಡಿದವನಿಗೆ ‘ಒನ್ಸ್ ಮೋರ್’ ಬೀಳುತ್ತದೆ, ಹಾರ್ಮೋನಿಯಂ ಮತ್ತೆ ಅದೇ ಸ್ವರಕ್ಕೆ ಮರಳುತ್ತದೆ. ಒಬ್ಬ ಅಭಿಮಾನಿ ಸ್ಟೇಜು ಹತ್ತಿ ನೋಟಿನ ಹಾರ ಹಾಕುತ್ತಾನೆ. ಕ್ಯಾಮೆರಾದ ಅಗಲವಾದ ಲೆನ್ಸಿನೊಳಗೆ ಇವರೆಲ್ಲರ ಜೊತೆ ಮುಂದಿನ ಸಾಲಿನಲ್ಲಿ ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋದ ಮಕ್ಕಳೂ ಇರುತ್ತಾರೆ.

ಬಣ್ಣ ಒರೆಸಿಕೊಳ್ಳುತ್ತಲೇ ದುರ್ಯೋಧನ ಕೇಳುತ್ತಾನೆ: “ಅಣ್ಣ, ನನ್ನ ಸೀನು ಚೆನ್ನಾಗ್ ಬಂದೈತಾ?” ತಿಂಗಳುಗಟ್ಟಲೆ ರಾತ್ರಿ ಪ್ರಾಕ್ಟೀಸು ಮಾಡಿ, ಪಾತ್ರಕ್ಕೆ ತನ್ನ ಕೈಯಿಂದಲೇ ದುಡ್ಡು ಹಾಕಿ, ಊರೆಲ್ಲ ನೋಡುವಂತೆ ಅರಸನಾದವನಿಗೆ ಅವನ ಅರಸುತನ ಕಾಣುವುದು ಇಲ್ಲೇ, ಕ್ಯಾಮೆರಾದ ಈ ಚಿಕ್ಕ ಪರದೆಯಲ್ಲೇ. ಕಂಪ್ಯೂಟರಿನಲ್ಲಿ ಕತ್ತಲನ್ನು ಎತ್ತಿ ಬೆಳ್ಳಗೆ ಮಾಡುವ ಉಪಾಯಗಳು ಬೇಕಾದಷ್ಟಿವೆ, ನಾನು ಮುಟ್ಟುವುದಿಲ್ಲ. ಸುತ್ತ ಅಷ್ಟು ಕತ್ತಲಿದ್ದದ್ದರಿಂದಲೇ ಆ ಸ್ಟೇಜಿಗೆ ಹಸ್ತಿನಾವತಿಯಾಗಲು ಸಾಧ್ಯವಾಯಿತು. ನಿಮ್ಮ ಬಳಿಯೂ ಇಂಥ ಕ್ಯಾಮೆರಾ ಇದ್ದರೆ ಈ ಸಲ ನಾಟಕದ ದಿನ ಸಂಜೆಯೇ ಹೋಗಿ, ಸ್ಟೇಜು ಕಟ್ಟುವವರನ್ನು ಒಂದು ಕಂಬ ಕೇಳಿ. ಸಂತೋಷದಿಂದ ಕೊಡುತ್ತಾರೆ.